ಒಂದೇ ಪಟದಲ್ಲಿ ಬಸದಿ, ಶಾಸನ, ಬಂದರು: ತುಳುನಾಡಿನ ಚರಿತ್ರೆ ಮತ್ತು ನಿರ್ದೇಶಾಂಕಗಳ ಸಾಕ್ಷ್ಯ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು 1886ರಿಂದ ಮೊದಲ್ಗೊಂಡು ಸುಮಾರು ಎರಡು ದಶಕಗಳ ಕಾಲ ಪ್ರಕಟವಾದವು. ಅವುಗಳಲ್ಲಿ ದಾಖಲಾದ ಶಾಸನಗಳ ಊರುಗಳಿಗೆ ಅಕ್ಷಾಂಶ ರೇಖಾಂಶಗಳನ್ನು ಹೊಂದಿಸಿ ಒಂದು ಭೂಪಟದ ಮೇಲೆ ಚುಕ್ಕಿಗಳಾಗಿ ಮೂಡಿಸಿದರೆ, ಹಾಸನ, ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಒತ್ತೊತ್ತಾಗಿ ಕಾಣುವ ಚುಕ್ಕಿಗಳು ಪಶ್ಚಿಮಘಟ್ಟದ ನೆತ್ತಿಯಲ್ಲಿ ಹಠಾತ್ತನೆ ನಿಂತುಬಿಡುತ್ತವೆ. ಅಲ್ಲಿಂದ ಕಡಲಿನವರೆಗೆ ಬರಿಯ ಬಿಳಿ ಕಾಗದ. ಮಂಗಳೂರಿಲ್ಲ, ಬಾರಕೂರಿಲ್ಲ, ಮೂಡುಬಿದಿರೆ ಇಲ್ಲ, ಕಾರ್ಕಳವೂ ಇಲ್ಲ.

ಈ ಪಟವನ್ನು ಮಾತ್ರ ಕಂಡ ವಿದ್ಯಾರ್ಥಿಯೊಬ್ಬನು ತುಳುನಾಡು ಶಾಸನರಹಿತ ಪ್ರದೇಶವಾಗಿತ್ತೆಂದು ಬರೆದರೆ ಆಶ್ಚರ್ಯವಿಲ್ಲ. ಆದರೆ ಆ ಬಿಳುಪು ಚರಿತ್ರೆಯದಲ್ಲ, ಆಡಳಿತದ್ದು. ರೈಸ್ ಅವರ ಕಾರ್ಯಕ್ಷೇತ್ರ ಮೈಸೂರು ಸಂಸ್ಥಾನ ಮತ್ತು ಕೊಡಗು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತದ ಜಿಲ್ಲೆ; ಅಲ್ಲಿಯ ಶಾಸನಗಳು ಮದರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಮತ್ತು ‘ದಕ್ಷಿಣ ಭಾರತ ಶಾಸನಗಳು’ ಮಾಲೆಯಲ್ಲಿ ಸೇರಿದವು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋದ ಉತ್ತರ ಕನ್ನಡದ ಗೇರುಸೊಪ್ಪೆ, ಭಟ್ಕಳ, ಹಾಡುವಳ್ಳಿಗಳ ಶಾಸನಗಳ ದಾರಿ ಇನ್ನೊಂದು. 1956ರ ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ, ಕಾರ್ಕಳವೂ ಬಾರಕೂರೂ ಅದರೊಳಗೆ ಬಂದವು. ಹಳೆಯ ವರದಿಯಲ್ಲಿ ‘ದಕ್ಷಿಣ ಕನ್ನಡ’ ಎಂದಷ್ಟೇ ಇದ್ದ ಒಂದು ಶಾಸನ ಇಂದು ಎರಡು ರಾಜ್ಯಗಳ ಮೂರು ಜಿಲ್ಲೆಗಳಲ್ಲಿ ಯಾವುದರಲ್ಲಿಯೂ ಇರಬಹುದು.

ಇಂತಹ ನೆಲದ ಚರಿತ್ರೆಯನ್ನು ಬರೆಯುವವರಿಗೆ ನಿರ್ದೇಶಾಂಕಗಳು ದೊಡ್ಡ ಅನುಕೂಲ. ಜಿಲ್ಲೆಯ ಹೆಸರು ಬದಲಾಗುತ್ತದೆ, ರಾಜ್ಯದ ಗಡಿ ಸರಿಯುತ್ತದೆ. ಕಲ್ಲು ನಿಂತ ನೆಲದ ಅಕ್ಷಾಂಶ ರೇಖಾಂಶಗಳು ಸರಿಯುವುದಿಲ್ಲ. ಬೇರೆಬೇರೆ ಇಲಾಖೆಗಳು, ಬೇರೆಬೇರೆ ಶತಮಾನಗಳಲ್ಲಿ, ಬೇರೆಬೇರೆ ಉದ್ದೇಶದಿಂದ ಸಂಗ್ರಹಿಸಿದ ಪಟ್ಟಿಗಳನ್ನು ಒಂದೇ ಪಟದಲ್ಲಿ ಕೂಡಿಸಿ ನೋಡುವ ಸಾಧ್ಯತೆ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಕೂಡಿಸುವುದು ಎಷ್ಟು ಸುಲಭವೋ ಕೂಡಿಸಿದ್ದನ್ನು ಓದುವುದು ಅಷ್ಟೇ ಕಷ್ಟ. ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ತುಳುನಾಡಿನ ಬಸದಿ, ಶಾಸನ, ಬಂದರುಗಳೆಂಬ ಮೂರು ಗಣಗಳನ್ನು ಒಂದೇ ಪಟದಲ್ಲಿ ಇರಿಸುವ ಪ್ರಯತ್ನದಲ್ಲಿ ಎದುರಾಗುವ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಳತೆಗೂ ಒಂದು ಚರಿತ್ರೆಯಿದೆ

ತುಳುನಾಡಿನ ನೆಲೆಗಳಿಗೆ ಅಂಕಿಗಳನ್ನು ಕೊಟ್ಟವರಲ್ಲಿ ಟಾಲೆಮಿ ಪ್ರಾಚೀನನು. ಕ್ರಿಸ್ತಶಕ 2ನೆಯ ಶತಮಾನದ ಆತನ ಭೂಗೋಳದಲ್ಲಿ ಪಶ್ಚಿಮ ಕರಾವಳಿಯ ಪಟ್ಟಣಗಳಿಗೆ ರೇಖಾಂಶ ಅಕ್ಷಾಂಶಗಳಿವೆ. ಅಲ್ಲಿಯ ‘ನಿತ್ರ’ವನ್ನು ನೇತ್ರಾವತಿಯೊಂದಿಗೂ, ‘ಒಲೋಖೋಯಿರ’ವನ್ನು ಆಳ್ವಖೇಡದೊಂದಿಗೂ ವಿದ್ವಾಂಸರು ಹೊಂದಿಸಿ ನೋಡಿದ್ದಾರೆ. ಆದರೆ ಆ ಅಂಕಿಗಳನ್ನು ಇಂದಿನ ಅಂಕಿಗಳ ಪಕ್ಕದಲ್ಲಿ ನೇರವಾಗಿ ಇಡುವಂತಿಲ್ಲ. ಟಾಲೆಮಿಯ ರೇಖಾಂಶಗಳ ಎಣಿಕೆ ಆಫ್ರಿಕದ ಪಶ್ಚಿಮಕ್ಕಿರುವ ಭಾಗ್ಯದ್ವೀಪಗಳಿಂದ ತೊಡಗುತ್ತದೆ, ಇಂದಿನದು ಗ್ರೀನಿಚ್‌ನಿಂದ. ಅದಕ್ಕಿಂತ ಮುಖ್ಯವಾಗಿ, ಆತನ ಭಾರತಕ್ಕೆ ದಕ್ಷಿಣಕ್ಕೆ ಇಳಿಬಿದ್ದ ಪರ್ಯಾಯದ್ವೀಪದ ಆಕಾರವೇ ಇಲ್ಲ. ಉತ್ತರದಿಂದ ದಕ್ಷಿಣಕ್ಕಿರುವ ಕರಾವಳಿ ಅಲ್ಲಿ ಬಹುಮಟ್ಟಿಗೆ ಪಶ್ಚಿಮದಿಂದ ಪೂರ್ವಕ್ಕೆ ಮಲಗಿದೆ. ಸೊನ್ನೆಯ ಗೆರೆಯನ್ನು ಸರಿಸಿದರೂ ಆ ಬಿಂದುಗಳು ನಮ್ಮ ಕಡಲಂಚಿಗೆ ಹೊಂದುವುದಿಲ್ಲ.

ಆಧುನಿಕ ಅಳತೆ ಮಂಗಳೂರಿಗೆ ಬಂದದ್ದು 19ನೆಯ ಶತಮಾನದ ಮೊದಲ ದಶಕದಲ್ಲಿ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸೇಂಟ್ ಥಾಮಸ್ ಮೌಂಟಿನಲ್ಲಿ ಆಧಾರರೇಖೆಯನ್ನು ಅಳೆದು, ಬೆಟ್ಟದ ನೆತ್ತಿಯಿಂದ ನೆತ್ತಿಗೆ ತ್ರಿಕೋನಗಳನ್ನು ಹೆಣೆಯುತ್ತ, ಬೆಂಗಳೂರಿನ ಮೂಲಕ ಮಂಗಳೂರಿನ ಕಡಲನ್ನು ಮುಟ್ಟಿದರು. ಅದುವರೆಗಿನ ನಕ್ಷೆಗಳಲ್ಲಿ ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ. ಲ್ಯಾಂಬ್ಟನ್ನರ ಅಳತೆಯಲ್ಲಿ ಅದು ಸುಮಾರು 360 ಮೈಲಿಗೆ ಇಳಿಯಿತು. ಪರ್ಯಾಯದ್ವೀಪದ 40 ಮೈಲಿ ಅಗಲ ಕಾಗದದ ಮೇಲಿನಿಂದ ಮಾಯವಾಯಿತು. ಅವರು ಹಾದ ನೆಲವು 13ನೆಯ ಅಕ್ಷಾಂಶದ ಆಸುಪಾಸಿನದು: ಮಂಗಳೂರು ಸುಮಾರು 12.87, ಶ್ರವಣಬೆಳ್ಗೊಳ 12.86, ಮೂಡುಬಿದಿರೆ 13.07, ಚೆನ್ನೈ 13.08. ಬೆಳ್ಗೊಳದ ಗೊಮ್ಮಟನಿಂದ ನೇರ ಪಶ್ಚಿಮಕ್ಕೆ ಗೆರೆಯೆಳೆದರೆ ಅದು ಮಂಗಳೂರಿನಲ್ಲಿ ಕಡಲಿಗೆ ಇಳಿಯುತ್ತದೆ. ಅಂಕಿಗಳನ್ನು ಸಾಲಾಗಿ ಇಟ್ಟು ನೋಡುವವರೆಗೆ ಇದು ಯಾರಿಗೂ ಸುಲಭವಾಗಿ ಹೊಳೆಯುವ ಸಂಗತಿಯಲ್ಲ.

ಅದೇ ವರ್ಷಗಳಲ್ಲಿ ಮೈಸೂರಿನ ಮೋಜಣಿಯಲ್ಲಿ ತೊಡಗಿದ್ದ ಕಾಲಿನ್ ಮೆಕೆಂಜಿ, ನೆಲದ ಅಳತೆಯೊಂದಿಗೆ ಶಾಸನ, ಕೈಫಿಯತ್ತು, ಓಲೆಗರಿಗಳನ್ನೂ ಸಂಗ್ರಹಿಸಿದರು. ಅವರ ಸಹಾಯಕ ಕಾವಲಿ ವೆಂಕಟ ಬೋರಯ್ಯ ಜೈನ ಪುರೋಹಿತರೊಬ್ಬರಿಂದ ಕೇಳಿ ಅನುವಾದಿಸಿದ ಜೈನರ ವೃತ್ತಾಂತವು ‘ಏಷಿಯಾಟಿಕ್ ರಿಸರ್ಚಸ್’ನ 9ನೆಯ ಸಂಪುಟದಲ್ಲಿ ಅಚ್ಚಾಯಿತು. 1800–1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನು ಹಾದು ಉಡುಪಿಯತ್ತ ನಡೆದರು. ಅವರ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. ತುಳುನಾಡಿನ ಜೈನ ನೆಲೆಗಳು ಭೂಮಾಪನದ ಯುಗವನ್ನು ಪ್ರವೇಶಿಸಿದ್ದು ಹೀಗೆ, ಕಥನವೂ ಅಳತೆಯೂ ಜೊತೆಜೊತೆಯಾಗಿ.

ಮೂರು ಗಣಗಳು

ಮೊದಲನೆಯದು ಬಸದಿಗಳ ಗಣ. ಮೂಡುಬಿದಿರೆಯ 18 ಬಸದಿಗಳು, ಅವುಗಳಲ್ಲಿ 1430ರ ತ್ರಿಭುವನತಿಲಕ ಚೂಡಾಮಣಿ ಬಸದಿ ಅಥವಾ ಸಾವಿರ ಕಂಬದ ಬಸದಿ. ಕಾರ್ಕಳದ 1432ರ ಬಾಹುಬಲಿ, 1586ರ ಚತುರ್ಮುಖ ಬಸದಿ, ಹಿರಿಯಂಗಡಿಯ ನೇಮಿನಾಥ ಬಸದಿ. ವರಂಗದ ಕೆರೆ ಬಸದಿ. ವೇಣೂರಿನ 1604ರ ಬಾಹುಬಲಿ. ಇಂದಿನ ಗಡಿಯಾಚೆ ಮಂಜೇಶ್ವರದ ಬಂಗ್ರಮಂಜೇಶ್ವರದಲ್ಲಿರುವ ಬಸದಿಗಳನ್ನೂ ಇದೇ ಗಣಕ್ಕೆ ಸೇರಿಸಬೇಕು. ರಾಜ್ಯದ ಗಡಿ ಬಸದಿಗೆ ಗೊತ್ತಿಲ್ಲ.

ಎರಡನೆಯದು ಶಾಸನಗಳ ಗಣ. ವಡ್ಡರ್ಸೆಯ ಶಾಸನ, ಉದ್ಯಾವರದ ಆಳುಪ ವೀರಗಲ್ಲುಗಳು, 8ನೆಯ ಶತಮಾನದ ಬೆಳ್ಮಣ್ಣು ತಾಮ್ರಪಟ, ಮಂಗಳೂರು ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದ ಮೇಲಿನ ಕುಂದವರ್ಮನ 968ರ ಶಾಸನ, ಬಾರಕೂರಿನ ಆಳುಪ ಮತ್ತು ವಿಜಯನಗರ ಕಾಲದ ಶಾಸನಗಳು. ಭಾಸ್ಕರ ಆನಂದ ಸಾಲೆತ್ತೂರರ 1936ರ ತುಳುವ ಚರಿತ್ರೆ, ಕೆ. ವಿ. ರಮೇಶರ 1970ರ ದಕ್ಷಿಣ ಕನ್ನಡದ ಚರಿತ್ರೆ, ಪಿ. ಗುರುರಾಜ ಭಟ್ಟರ 1975ರ ತುಳುವ ಅಧ್ಯಯನ ಇವು ಮೂರೂ ನಿಂತಿರುವುದು ಬಹುಮಟ್ಟಿಗೆ ಈ ಗಣದ ಮೇಲೆಯೇ.

ಮೂರನೆಯದು ಬಂದರುಗಳ ಗಣ: ಮಂಗಳೂರು, ಬಾರಕೂರು, ಬಸ್ರೂರು, ಅವುಗಳ ನಡುವಿನ ಚಿಕ್ಕ ಅಳಿವೆಗಳು. ಇವುಗಳ ಸಾಕ್ಷ್ಯ ಶಾಸನಗಳಿಂದ ಮಾತ್ರ ಬರುವುದಲ್ಲ. 12ನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಗೆನೀಜಾ ಭಂಡಾರದಲ್ಲಿ ಉಳಿದುಬಂದಿವೆ. 14ನೆಯ ಶತಮಾನದ ಇಬ್ನ್ ಬತೂತ ಬಾರಕೂರನ್ನು ಫಾಕನೂರು ಎಂದೂ ಮಂಗಳೂರನ್ನು ಮಂಜರೂರು ಎಂದೂ ಕರೆದ. ಬಾರಕೂರು ಇಂದು ಕಡಲಂಚಿನ ಊರಲ್ಲ, ಸೀತಾನದಿಯ ದಡದಲ್ಲಿ ಒಳಸರಿದಿರುವ ಊರು. ಆದುದರಿಂದ ಬಂದರುಗಳ ಬಿಂದುಗಳ ಕೆಳಗೆ ನದಿಗಳ ಗೆರೆಗಳೂ ಇರಬೇಕು. ಇಲ್ಲವಾದರೆ ಅದು ಬಂದರೆಂಬುದೇ ಓದುಗರಿಗೆ ಅರ್ಥವಾಗುವುದಿಲ್ಲ.

ಕೋಡಿನ ಕೆಲಸ

ಈ ಮೂರು ಗಣಗಳನ್ನು ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಒಂದೇ ಪಟಕ್ಕೆ ತರುವ ವಿಧಾನ ಸರಳ. ಪ್ರತಿಯೊಂದು ಗಣವೂ ಒಂದು ಪ್ರತ್ಯೇಕ ಕೋಷ್ಟಕ. ಪ್ರತಿ ಸಾಲಿನಲ್ಲಿ ಊರಿನ ಹೆಸರು, ಅಕ್ಷಾಂಶ, ರೇಖಾಂಶ, ಕಾಲ. ಮ್ಯಾಟ್‌ಪ್ಲಾಟ್‌ಲಿಬ್‌ನಂತಹ ಸಲಕರಣೆಯಲ್ಲಿ ಮೊದಲು ಒಂದು ಚಿತ್ರವನ್ನೂ ಅದರೊಳಗೆ ಒಂದೇ ಅಕ್ಷಜೋಡಿಯನ್ನೂ ನಿರ್ಮಿಸಬೇಕು. ಬಳಿಕ ಬಿಂದುಗಳನ್ನು ಚೆಲ್ಲುವ ‘ಸ್ಕ್ಯಾಟರ್’ ಆದೇಶವನ್ನು ಗಣಕ್ಕೊಂದರಂತೆ ಮೂರು ಬಾರಿ, ಅದೇ ಅಕ್ಷಜೋಡಿಯ ಮೇಲೆ, ಕೊಡಬೇಕು. ಪ್ರತಿ ಬಾರಿಯೂ ಬಣ್ಣ ಬೇರೆ, ಗುರುತಿನ ಆಕಾರ ಬೇರೆ, ಹೆಸರು ಬೇರೆ: ಬಸದಿಗೆ ಚೌಕ, ಶಾಸನಕ್ಕೆ ತ್ರಿಕೋನ, ಬಂದರಿಗೆ ವೃತ್ತ. ಕೊನೆಗೆ ಸೂಚಿಯನ್ನು ಮೂಡಿಸಲು ಒಂದು ಆದೇಶ. ಪ್ರತಿ ಗಣಕ್ಕೂ ಹೊಸ ಚಿತ್ರವನ್ನು ತೆರೆಯುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಆಗ ಮೂರು ಗಣಗಳು ಮೂರು ಕಾಗದಗಳಲ್ಲಿ ಉಳಿಯುತ್ತವೆ. ಮೂರನ್ನೂ ಮೊದಲೇ ಒಂದೇ ಕೋಷ್ಟಕಕ್ಕೆ ಸುರಿದು ಒಂದೇ ಬಣ್ಣದಲ್ಲಿ ಚೆಲ್ಲುವುದು ಅದಕ್ಕಿಂತ ದೊಡ್ಡ ತಪ್ಪು. ಆಗ ಯಾವುದು ಬಸದಿ, ಯಾವುದು ಬಂದರು ಎಂಬ ವಿವೇಕವೇ ಅಳಿಯುತ್ತದೆ.

ಅಂಕಿಗಳ ಮಟ್ಟದಲ್ಲಿ ಕೆಲವು ಎಚ್ಚರಗಳು ಅಗತ್ಯ. ಮಾತಿನ ರೂಢಿಯಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಅನಂತರ. ಚಿತ್ರದಲ್ಲಿ ಅಡ್ಡ ಅಕ್ಷ ರೇಖಾಂಶದ್ದು, ನೆಟ್ಟ ಅಕ್ಷ ಅಕ್ಷಾಂಶದ್ದು. ಈ ಕ್ರಮ ತಿರುಗುಮುರುಗಾದರೆ 12.87, 74.84ರ ಮಂಗಳೂರು ಜಗತ್ತಿನ ಭೂಪಟದಲ್ಲಿ ನಾರ್ವೆಗೂ ಉತ್ತರದ, ಹಿಮಗಟ್ಟುವ ಕಡಲಿಗೆ ಹೋಗಿ ಬೀಳುತ್ತದೆ. ಹಳೆಯ ಗ್ರಂಥಗಳು ಡಿಗ್ರಿ ಮತ್ತು ನಿಮಿಷಗಳಲ್ಲಿ ಲೆಕ್ಕವಿಡುತ್ತವೆ. 12 ಡಿಗ್ರಿ 52 ನಿಮಿಷವೆಂದರೆ 12.52 ಅಲ್ಲ, 52ನ್ನು 60ರಿಂದ ಭಾಗಿಸಿ ಪಡೆಯುವ 12.87. ಈ ಭಾಗಾಕಾರವನ್ನು ಮರೆತರೆ ಮಂಗಳೂರಿನ ಶಾಸನಗಳೆಲ್ಲ ಕಾಸರಗೋಡಿನ ಎದುರಿನ ಕಡಲಿನಲ್ಲಿ ತೇಲುತ್ತವೆ.

ಇಂತಹ ತಪ್ಪುಗಳು ಕಣ್ಣಿಗೆ ರಾಚುವುದರಿಂದ ಅಪಾಯ ಕಡಿಮೆ. ಕಣ್ಣಿಗೆ ಬೀಳದ ತಪ್ಪುಗಳೇ ಹೆಚ್ಚು ಹಾನಿಕರ. 20ನೆಯ ಶತಮಾನದ ಆರಂಭದವರೆಗಿನ ಸರ್ವೆ ನಕ್ಷೆಗಳ ರೇಖಾಂಶಗಳು ಮದರಾಸು ವೇಧಶಾಲೆಯ ಹಳೆಯ ರೇಖಾಂಶವನ್ನು ಆಧರಿಸಿದ್ದವು. ಆ ಮೂಲಬೆಲೆಯಲ್ಲಿ ಸುಮಾರು ಎರಡೂವರೆ ನಿಮಿಷದ ಹೆಚ್ಚಳವಿತ್ತು. 13ನೆಯ ಅಕ್ಷಾಂಶದಲ್ಲಿ ಅದರ ಪರಿಣಾಮ ಸುಮಾರು 4.5 ಕಿಲೋಮೀಟರು. ಅಂತಹ ನಕ್ಷೆಯಿಂದ ಎತ್ತಿಕೊಂಡ ಒಂದು ಗಣವನ್ನೂ ಇಂದಿನ ಮೊಬೈಲಿನಿಂದ ಅಳೆದ ಇನ್ನೊಂದು ಗಣವನ್ನೂ ಒಂದೇ ಪಟದಲ್ಲಿ ಇಟ್ಟರೆ, ಮೊದಲ ಗಣ ಇಡಿಯಾಗಿ ಪೂರ್ವಕ್ಕೆ ಜರುಗಿರುತ್ತದೆ. ಬಸದಿಯೊಂದು ಪಕ್ಕದ ಗ್ರಾಮಕ್ಕೆ ಸೇರಿಬಿಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಭಾರತೀಯ ಸರ್ವೆಯ ಹಳೆಯ ನಕ್ಷೆಗಳ ಎವರೆಸ್ಟ್ ಗೋಳಾಭಕ್ಕೂ ಉಪಗ್ರಹಗಳು ಬಳಸುವ ಜಾಗತಿಕ ಗೋಳಾಭಕ್ಕೂ ಇರುವ ವ್ಯತ್ಯಾಸ ಈ ಭಾಗದಲ್ಲಿ ನೂರು ಮೀಟರಿಗೂ ಮಿಕ್ಕದ್ದು. ಜಿಲ್ಲೆಯ ಪಟದಲ್ಲಿ ಅದು ನಗಣ್ಯ. ಮೂಡುಬಿದಿರೆಯ ಜೈನ ಪೇಟೆಯೊಂದನ್ನೇ ಬಿಡಿಸುವ ಪಟದಲ್ಲಿ ಒಂದು ಬಸದಿಯನ್ನು ಇನ್ನೊಂದರ ಅಂಗಳದಲ್ಲಿ ನಿಲ್ಲಿಸಲು ಅಷ್ಟು ಸಾಕು. ಅಳತೆಯ ಮೂಲ ಯಾವುದೆಂದು ಪ್ರತಿ ಗಣಕ್ಕೂ ನಮೂದಿಸಿ, ಒಂದೇ ವ್ಯವಸ್ಥೆಗೆ ಪರಿವರ್ತಿಸಿದ ಮೇಲೆಯೇ ಕೂಡಿಸಬೇಕು.

ಹೆಸರುಗಳ ತೊಡಕು ಇನ್ನೊಂದು ಬಗೆಯದು. ಊರಿನ ಹೆಸರನ್ನು ಕೊಟ್ಟರೆ ನಿರ್ದೇಶಾಂಕವನ್ನು ತಾನೇ ಹುಡುಕಿಕೊಡುವ ಸೇವೆಗಳಿವೆ. ‘ಪುತ್ತೂರು’ ಎಂದರೆ ಅವು ಆಂಧ್ರದ ಪುತ್ತೂರನ್ನು ಕೊಡಬಹುದು. ಇಂಗ್ಲಿಷಿನ ‘ಮ್ಯಾಂಗಲೋರ್’ ಆಸ್ಟ್ರೇಲಿಯದಲ್ಲಿಯೂ ಇದೆ. ಶಾಸನಗಳ ಮಂಗಳಪುರ, ಅರಬರ ಮಂಜರೂರು, ತುಳುವರ ಕುಡ್ಲ, ಕೊಂಕಣಿಗರ ಕೊಡಿಯಾಲ ಇವೆಲ್ಲ ಒಂದೇ ಬಿಂದು. ಬಿದಿರೆ, ವೇಣುಪುರ, ವಂಶಪುರ ಇವು ಮೂಡುಬಿದಿರೆಯೇ. ಶಾಸನಗಳ ಏಣೂರು ಇಂದಿನ ವೇಣೂರು. ಈ ಸಮೀಕರಣವನ್ನು ಯಂತ್ರ ಮಾಡಲಾರದು. ಅದು ಗ್ರಂಥಸಂಪಾದಕನ ಕೆಲಸ, ಪಾಠಾಂತರ ನಿರ್ಣಯದಷ್ಟೇ ಗಂಭೀರವಾದ ಕೆಲಸ. ಯಾವ ಹೆಸರನ್ನು ಯಾವ ಆಧಾರದಿಂದ ಯಾವ ಊರಿಗೆ ಹೊಂದಿಸಲಾಯಿತೆಂಬುದು ಕೋಷ್ಟಕದಲ್ಲಿ ಒಂದು ಪ್ರತ್ಯೇಕ ಕಂಬಸಾಲಾಗಿ ಉಳಿಯಬೇಕು.

ದ್ರವ್ಯ, ಕ್ಷೇತ್ರ, ಕಾಲ, ಭಾವ

ಜೈನ ತರ್ಕದಲ್ಲಿ ಯಾವುದೇ ವಸ್ತುವಿನ ಕುರಿತ ಹೇಳಿಕೆಯನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳಿಂದ ಪರೀಕ್ಷಿಸುವ ಕ್ರಮವಿದೆ. ವಸ್ತು ಯಾವುದು, ಎಲ್ಲಿ, ಯಾವಾಗ, ಯಾವ ಅವಸ್ಥೆಯಲ್ಲಿ ಎಂಬ ನಾಲ್ಕನ್ನೂ ಹೇಳದ ‘ಇದೆ’ ಎಂಬ ಮಾತು ಅಪೂರ್ಣ. ನಿರ್ದೇಶಾಂಕದ ಜೋಡಿ ಹೇಳುವುದು ಕ್ಷೇತ್ರವೊಂದನ್ನೇ. ಉಳಿದ ಮೂರನ್ನು ಹೊರುವ ಹೊಣೆ ಗುರುತಿನ ಆಕಾರ, ಬಣ್ಣ, ಗಾತ್ರಗಳದು. ಅವು ಆ ಹೊಣೆಯನ್ನು ಹೊರದಿದ್ದರೆ, ಹಲವು ಗಣಗಳನ್ನು ಕೂಡಿಸಿದ ಪಟವು ಹಲವು ಅಪೂರ್ಣ ಹೇಳಿಕೆಗಳನ್ನು ಕೂಡಿಸಿದ ಪಟವಾಗುತ್ತದೆ.

ದ್ರವ್ಯದ ಮಾತು ಮೊದಲು. ಎಣಿಕೆಗೆ ಬರುವ ವಸ್ತು ಯಾವುದು? ಶ್ರವಣಬೆಳ್ಗೊಳದ ಶಾಸನಗಳು ರೈಸ್ ಅವರ 1889ರ ಆವೃತ್ತಿಯಲ್ಲಿ 144, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500, 1973ರ ಪರಿಷ್ಕೃತ ಆವೃತ್ತಿಯಲ್ಲಿ 573. ಇವೆಲ್ಲಕ್ಕೂ ಊರಿನ ನಿರ್ದೇಶಾಂಕವನ್ನೇ ಕೊಟ್ಟರೆ 573 ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕಿಯಾಗಿ ಕಾಣುತ್ತವೆ; ಒಂದೇ ವೀರಗಲ್ಲಿರುವ ಕುಗ್ರಾಮಕ್ಕೂ ಬೆಳ್ಗೊಳಕ್ಕೂ ಪಟದಲ್ಲಿ ಸಮಾನ ಸ್ಥಾನ. ಮೂಡುಬಿದಿರೆಯ 18 ಬಸದಿಗಳ ಪಾಡೂ ಇದೇ. ಎಣಿಕೆಗೆ ತಕ್ಕಂತೆ ವೃತ್ತದ ವಿಸ್ತೀರ್ಣವನ್ನು ಹೆಚ್ಚಿಸುವುದು ಒಂದು ಪರಿಹಾರ. ವ್ಯಾಸವನ್ನಲ್ಲ, ಏಕೆಂದರೆ ವ್ಯಾಸ ಇಮ್ಮಡಿಯಾದರೆ ಕಣ್ಣಿಗೆ ನಾಲ್ಕು ಪಟ್ಟಾಗಿ ತೋರುತ್ತದೆ. ಪಟದ ಮೂಲೆಯಲ್ಲಿ ಮೂಡುಬಿದಿರೆಯ ಹಿಗ್ಗಿಸಿದ ಒಳಪಟವನ್ನು ಇಡುವುದು ಇನ್ನೊಂದು ಪರಿಹಾರ.

ಕ್ಷೇತ್ರದ ಮಾತೂ ತೋರುವಷ್ಟು ಸರಳವಲ್ಲ. ಶಿಲಾಶಾಸನವು ಸಿಕ್ಕಿದ ಊರು, ಅದು ಮೊದಲು ನಿಂತಿದ್ದ ಊರು, ಅದರೊಳಗೆ ಹೇಳಿದ ದಾನಭೂಮಿಯ ಊರು, ಇಂದು ಅದು ಇರುವ ವಸ್ತುಸಂಗ್ರಹಾಲಯ, ಈ ನಾಲ್ಕು ಬೇರೆಬೇರೆ ಆಗಿರಬಹುದು. ತಾಮ್ರಪಟವಂತೂ ಸ್ವಭಾವತಃ ಸಂಚಾರಿ. ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯದಂತಹ ಸ್ಥಳಕ್ಕೆ ಬಂದು ಸೇರಿದ ಪುರಾವಸ್ತುಗಳಿಗೆಲ್ಲ ಮೊಬೈಲಿನ ನಿರ್ದೇಶಾಂಕವನ್ನು ಕೊಟ್ಟರೆ ಬಿಜೈ ಪ್ರಾಚೀನ ರಾಜಧಾನಿಯಂತೆ ತೋರುತ್ತದೆ. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದದ್ದು ಕಾರ್ಕಳದಲ್ಲಿ, ಅದು ಪ್ರತಿಷ್ಠೆಗೊಂಡದ್ದು 1982ರಲ್ಲಿ ಧರ್ಮಸ್ಥಳದಲ್ಲಿ. ಶಿಲ್ಪದ ಇತಿಹಾಸ ಬರೆಯುವವರಿಗೆ ಒಂದು ಬಿಂದು, ಕ್ಷೇತ್ರದ ಇತಿಹಾಸ ಬರೆಯುವವರಿಗೆ ಇನ್ನೊಂದು.

ಗ್ರಂಥಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಷಟ್ಖಂಡಾಗಮದ ಪರಂಪರೆಯಂತೆ ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಶ್ರುತವನ್ನು ಬೋಧಿಸಿದ್ದು ಗಿರಿನಾರದ ಚಂದ್ರಗುಹೆಯಲ್ಲಿ. ವೀರಸೇನಾಚಾರ್ಯರ ಧವಲಾ ಟೀಕೆಯ ಓಲೆಗರಿ ಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಬೆಳಕು ಕಂಡದ್ದು ಅಮರಾವತಿಯಲ್ಲಿ. ಸಾಹಿತ್ಯದ ಭೂಪಟದಲ್ಲಿ ಧವಲಾದ ಚುಕ್ಕಿ ಎಲ್ಲಿ? ಬೋಧನೆಯ ನೆಲೆ, ಉಳಿವಿನ ನೆಲೆ, ಮುದ್ರಣದ ನೆಲೆ ಎಂದು ಮೂರು ಗಣಗಳನ್ನು ಮಾಡಿ, ಮೂರು ಗುರುತುಗಳಿಂದ ತೋರಿಸಿ, ಒಂದೇ ಕೃತಿಯ ಬಿಂದುಗಳನ್ನು ಗೆರೆಯಿಂದ ಜೋಡಿಸುವುದೊಂದೇ ಪ್ರಾಮಾಣಿಕ ಮಾರ್ಗ. ಮೂಡುಬಿದಿರೆಗೆ ಒಂದೇ ಚುಕ್ಕಿಯಿಟ್ಟು ಕೈಬಿಟ್ಟರೆ, ಕಾಪಾಡಿದ ಊರನ್ನು ರಚಿಸಿದ ಊರೆಂದು ಓದುಗರು ತಿಳಿದಾರು.

ಕಾಲದ ವಿಷಯದಲ್ಲಿ ಕೋಡು ಒಂದು ವಿಚಿತ್ರ ತಪ್ಪನ್ನು ಮಾಡಿಸುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷವೆಂಬ ಸೂತ್ರವನ್ನು ಒಂದು ಸಾಲಿನಲ್ಲಿ ಬರೆದು ಸಾವಿರ ಶಾಸನಗಳಿಗೆ ಒಮ್ಮೆಲೇ ಅನ್ವಯಿಸಬಹುದು. ಕಾರ್ಕಳದ ಬಾಹುಬಲಿಯ ಪ್ರತಿಷ್ಠೆಯ ಕಾಲ ಶಕ 1353, ವಿರೋಧಿಕೃತು ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ. 78 ಕೂಡಿಸಿದರೆ 1431. ಆದರೆ ಫಾಲ್ಗುಣ ಬರುವುದು ಹೊಸ ಕ್ರಿಸ್ತವರ್ಷ ಹುಟ್ಟಿದ ಮೇಲೆ; ವಿದ್ವಾಂಸರು ಗಣಿಸಿದ ದಿನ 1432ರ ಫೆಬ್ರುವರಿ 13. ವೇಣೂರಿನ ಶಕ 1525ರ ಪ್ರತಿಷ್ಠೆಯೂ ಹಾಗೆಯೇ, 1603 ಅಲ್ಲ, 1604. ತುಳುನಾಡಿನ ಎರಡೂ ಪ್ರಸಿದ್ಧ ಗೊಮ್ಮಟಗಳ ವರ್ಷವನ್ನು ಈ ಒಂದು ಸಾಲು ತಪ್ಪಿಸುತ್ತದೆ. ಮಾಸವನ್ನು ನೋಡಿ 78 ಅಥವಾ 79 ಎಂದು ನಿರ್ಧರಿಸುವ ನಿಬಂಧನೆಯನ್ನು ಕೋಡಿನಲ್ಲಿ ಸೇರಿಸುವುದು ಕಷ್ಟವಲ್ಲ. ಅದು ಬೇಕೆಂದು ತಿಳಿದಿರಬೇಕು ಅಷ್ಟೆ.

ಭಾವವೆಂದರೆ ಇಲ್ಲಿ ಬಿಂದುವಿನ ಅವಸ್ಥೆ, ಅದು ಎಷ್ಟು ನಂಬಲರ್ಹವೆಂಬುದು. ದಶಮಾಂಶದ ಎರಡು ಸ್ಥಾನಗಳೆಂದರೆ ಸುಮಾರು ಒಂದು ಕಿಲೋಮೀಟರಿನ ನಿಖರತೆ. ನಾಲ್ಕು ಸ್ಥಾನಗಳೆಂದರೆ ಸುಮಾರು 11 ಮೀಟರು. ಆರು ಸ್ಥಾನಗಳೆಂದರೆ ಒಂದು ಗೇಣಿಗಿಂತಲೂ ಕಡಿಮೆ. ಇಂತಹ ಊರಿನಲ್ಲಿ ಒಂದು ಕಲ್ಲಿದೆ ಎಂದಷ್ಟೇ ಹೇಳುವ ಹಳೆಯ ವರದಿಯಿಂದ ಪಡೆದ ಬಿಂದುವಿಗೆ ಆರು ದಶಮಾಂಶ ಬರೆಯುವುದು ಇಲ್ಲದ ಜ್ಞಾನವನ್ನು ಇದೆಯೆಂದು ತೋರಿಸಿದಂತೆ. ಸ್ಥಳದಲ್ಲಿ ಅಳೆದ ಬಿಂದುವಿಗೆ ತುಂಬಿದ ಗುರುತು, ಗ್ರಾಮದ ನಡುಬಿಂದುವಿಗೆ ಟೊಳ್ಳು ಗುರುತು, ಊಹೆಯ ಬಿಂದುವಿಗೆ ಮಸುಕು ಗುರುತು, ಹೀಗೆ ಮೂರು ಬಗೆ ಮಾಡಿದರೆ ಪಟವೇ ತನ್ನ ಮಿತಿಯನ್ನು ಹೇಳುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ನಗರದ ಶಾಸನಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವು ನಿಂತ ಜಾಗವನ್ನು ಭೂಪಟದಲ್ಲಿ ಗುರುತಿಸುವ ಕಾರ್ಯವನ್ನು ಕೈಗೊಂಡಿದೆ. ಕರಾವಳಿಯ ಶಾಸನಗಳಿಗೂ ಬೇಕಾದದ್ದು ಸ್ಥಳಕ್ಕೆ ಹೋಗಿ ಮಾಡುವ ಅಂತಹ ಕೆಲಸವೇ.

ಪಟ ಹೇಳುವುದು, ಹೇಳದಿರುವುದು

ಎಚ್ಚರಗಳನ್ನೆಲ್ಲ ಪಾಲಿಸಿ ಮೂರು ಗಣಗಳನ್ನು ಕೂಡಿಸಿದಾಗ ಒಂದು ವಿನ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಬಂದರುಗಳು ನದಿಮುಖಗಳಲ್ಲಿ ಸಾಲಾಗಿವೆ. ಮೂಡುಬಿದಿರೆ, ಕಾರ್ಕಳ, ವೇಣೂರುಗಳ ಬಸದಿಗಳು ಕಡಲಿನಿಂದ ಸುಮಾರು 20ರಿಂದ 40 ಕಿಲೋಮೀಟರು ಒಳಗೆ, ಕರಾವಳಿಗೂ ಘಟ್ಟದ ಬುಡಕ್ಕೂ ನಡುವಣ ಗುಡ್ಡಗಾಡಿನಲ್ಲಿ ಒಂದು ಸಣ್ಣ ತ್ರಿಕೋನವಾಗಿ ನಿಂತಿವೆ. ಇದನ್ನು ಕಂಡೊಡನೆ ಹೊಳೆಯುವ ವ್ಯಾಖ್ಯಾನ ವ್ಯಾಪಾರದ್ದು: ಘಟ್ಟದ ಮೆಣಸು ಬಂದರಿಗೆ ಇಳಿಯುವ ದಾರಿಯಲ್ಲಿ ಜೈನ ವರ್ತಕರು ನೆಲೆಸಿದರು, ಆ ಸಂಪತ್ತೇ ಬಸದಿಗಳಾಯಿತು.

ಈ ವ್ಯಾಖ್ಯಾನ ಸುಳ್ಳೆನ್ನುವಂತಿಲ್ಲ. ಆದರೆ ಪಟ ಅದನ್ನು ಸಾಧಿಸಿದೆ ಎನ್ನುವಂತೆಯೂ ಇಲ್ಲ. ಇದೇ ಪಟಕ್ಕೆ ನಾಲ್ಕನೆಯ ಗಣವಾಗಿ ಅರಸುಮನೆತನಗಳ ನೆಲೆಗಳನ್ನು ಸೇರಿಸಿದರೆ, ಮೂಡುಬಿದಿರೆಯಲ್ಲಿ ಚೌಟರು, ಕಾರ್ಕಳದಲ್ಲಿ ಭೈರರಸರು, ವೇಣೂರಿನಲ್ಲಿ ಅಜಿಲರು ಬಸದಿಗಳ ಬಿಂದುಗಳ ಮೇಲೆಯೇ ಬಂದು ಕೂರುತ್ತಾರೆ. ಕಾರ್ಕಳದ ಬಾಹುಬಲಿ ವೀರಪಾಂಡ್ಯ ಭೈರರಸನದು, ವೇಣೂರಿನದು ತಿಮ್ಮಣ್ಣಾಜಿಲನದು. ಆಗ ಬಸದಿಗಳಿಗೆ ಕಾರಣ ವರ್ತಕರ ದಾರಿಯಲ್ಲ, ಅರಸರ ಆಶ್ರಯವೆಂಬ ವ್ಯಾಖ್ಯಾನವೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಐದನೆಯ ಗಣವಾಗಿ ಬುಕಾನನ್ನರ ಪ್ರಯಾಣದ ಬಿಂದುಗಳನ್ನು ಇಟ್ಟರೆ ಅವೂ ಇವೇ ಊರುಗಳ ಮೇಲೆ ಬೀಳುತ್ತವೆ. ಹಾಗೆಂದು ಬಸದಿಗಳು ಬುಕಾನನ್ನರ ದಾರಿಯನ್ನು ಅನುಸರಿಸಿದವೆಂದು ಯಾರೂ ಹೇಳಲಾರರು. ಬಿಂದುಗಳ ಹೊಂದಾಣಿಕೆ ಕಾರಣವನ್ನು ಹೇಳುವುದಿಲ್ಲ. ಅದು ಪ್ರಶ್ನೆಯನ್ನು ನಿಖರಗೊಳಿಸುತ್ತದೆ.

ಶತಮಾನವಾರು ಪಟವನ್ನು ಬಿಡಿಸಿದಾಗ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. ಒಂದೇ ಚೌಕಟ್ಟು, ಒಂದೇ ಅಳತೆಗೋಲಿನ ನಾಲ್ಕಾರು ಸಣ್ಣ ಪಟಗಳನ್ನು ಸಾಲಾಗಿ ಇರಿಸುವುದೂ ಕೋಡಿನಿಂದ ಸುಲಭ. ಬೆನ್ ಯಿಜುವಿನ ಪತ್ರಗಳು 12ನೆಯ ಶತಮಾನದ ಪಟದಲ್ಲಿವೆ, ಇಬ್ನ್ ಬತೂತ 14ನೆಯದರಲ್ಲಿ, ಮೂಡುಬಿದಿರೆ ಕಾರ್ಕಳಗಳ ದೊಡ್ಡ ನಿರ್ಮಾಣಗಳು 15ನೆಯದರಲ್ಲಿ, ಚತುರ್ಮುಖ ಬಸದಿ 16ನೆಯದರಲ್ಲಿ, ವೇಣೂರಿನ ಗೊಮ್ಮಟ 17ನೆಯದರಲ್ಲಿ. ಎಲ್ಲವನ್ನೂ ಒಂದೇ ಪಟದಲ್ಲಿ ಕಂಡಾಗ ಒಂದೇ ಕಾಲದ ಜೀವಂತ ಜಾಲವೆನಿಸಿದ್ದು ಬಿಡಿಪಟಗಳಲ್ಲಿ ಶತಮಾನಗಳ ಅಂತರವುಳ್ಳ ಸಾಕ್ಷಿಗಳಾಗಿ ತೋರುತ್ತದೆ. ಬಂದರಿನ ಸಂಪತ್ತು ಒಳನಾಡಿನ ಬಸದಿಗೆ ಹರಿಯಿತೆನ್ನಬೇಕಾದರೆ ಆ ನಡುವಣ ಕಾಲಕ್ಕೆ ಸೇರಿದ, ದಾನಿಗಳ ಹೆಸರು ಹೇಳುವ ಶಾಸನಗಳು ಬೇಕು. ಕರಾವಳಿಯ ಶಾಸನಗಳಲ್ಲಿ ನಖರ, ಹಂಜಮಾನ, ಹಲರು, ಸೆಟ್ಟಿಕಾರರು ಎಂಬ ವರ್ತಕ ಸಮೂಹಗಳ ಉಲ್ಲೇಖಗಳಿವೆ. ಆ ಪದಗಳು ಬರುವ ಶಾಸನಗಳನ್ನಷ್ಟೇ ಆಯ್ದು ಪ್ರತ್ಯೇಕ ಗಣವಾಗಿ ಮಾಡಿ, ಅರಸರ ದಾನಶಾಸನಗಳನ್ನು ಇನ್ನೊಂದು ಗಣವಾಗಿ ಮಾಡಿ, ಎರಡನ್ನೂ ಒಂದೇ ಪಟದಲ್ಲಿ ಹೋಲಿಸಿದಾಗ ವ್ಯಾಪಾರವೋ ಆಶ್ರಯವೋ ಎಂಬ ಚರ್ಚೆಗೆ ನಿಜವಾದ ಆಧಾರ ದೊರೆಯುತ್ತದೆ. ಆ ಗಣಗಳನ್ನು ಬೇರ್ಪಡಿಸುವುದು ಕೋಡಲ್ಲ, ಶಾಸನಪಾಠವನ್ನು ಸಾಲುಸಾಲಾಗಿ ಓದಬಲ್ಲ ಕಣ್ಣು.

ಕನ್ನಡ ಸಾಹಿತ್ಯ ಮತ್ತು ಇತಿಹಾಸದ ಸಂಶೋಧನೆಯಲ್ಲಿ ಇಂತಹ ಪಟಗಳು ಇನ್ನು ಹೆಚ್ಚುತ್ತವೆ, ಹೆಚ್ಚಬೇಕು ಕೂಡ. ಘಟ್ಟದ ನೆತ್ತಿಯಲ್ಲಿ ನಿಂತುಹೋದ ರೈಸ್ ಅವರ ಚುಕ್ಕಿಗಳ ಪಕ್ಕದಲ್ಲಿ ಮದರಾಸಿನ ವರದಿಗಳ ಚುಕ್ಕಿಗಳು, ಮುಂಬಯಿಯ ವರದಿಗಳ ಚುಕ್ಕಿಗಳು, ಕಾಸರಗೋಡಿನ ಚುಕ್ಕಿಗಳು ಬಂದು ಕುಳಿತಾಗಲೇ ಕನ್ನಡ ಶಾಸನಗಳ ಹರವು ಎಷ್ಟೆಂದು ಮೊದಲ ಬಾರಿಗೆ ಇಡಿಯಾಗಿ ಕಾಣುವುದು. ಆ ಪಟದಲ್ಲಿ ಪ್ರತಿ ಗಣವೂ ತನ್ನ ಬಣ್ಣವನ್ನು ಉಳಿಸಿಕೊಂಡಿರಲಿ, ಸೂಚಿಯಲ್ಲಿ ತನ್ನ ಮೂಲವನ್ನು ಹೇಳುತ್ತಿರಲಿ. ಪಟದೊಂದಿಗೆ ಅದರ ಕೋಷ್ಟಕವೂ ಕೋಡೂ ಪ್ರಬಂಧದ ಅನುಬಂಧವಾಗಿ ಪ್ರಕಟವಾಗಲಿ. ಹಾಗಾದಾಗ ಮುಂದಿನ ಸಂಶೋಧಕರು ಒಂದು ಬಿಂದುವನ್ನು ತಿದ್ದಬಹುದು, ಒಂದು ಗಣವನ್ನು ಸೇರಿಸಬಹುದು, ಅದೇ ಆದೇಶಗಳನ್ನು ಮತ್ತೊಮ್ಮೆ ನಡೆಸಿ ತಮ್ಮ ತೀರ್ಮಾನವನ್ನು ಹಿಂದಿನದರೊಂದಿಗೆ ಹೋಲಿಸಬಹುದು.